ನೀರಲ್ಲಿ ಕೂರುವ ಮರಿ

ಹರಿಯುವ ನೀರಿಗೆ ಇಳಿಯುವ ಪ್ರಾಣಿಯನ್ನು ನಾನು ಇಂದಿಗೂ ನೆಮ್ಮದಿಯಿಂದ ನೋಡಲಾರೆ. ಎಮ್ಮೆಯಾಗಲಿ, ಎತ್ತಾಗಲಿ, ಅದರ ಮುಂಗಾಲನ್ನೇ ನೋಡುತ್ತ ನಿಂತುಬಿಡುತ್ತೇನೆ. ಮಡಚಿತೇ, ಇಲ್ಲವೇ. ಅದು ಆಚೆ ದಡ ಹತ್ತಿದ ಮೇಲೆಯೇ ನನ್ನ ಉಸಿರು ಹೊರಗೆ ಬರುವುದು. ಜೊತೆಗಿದ್ದವರು ನಗುತ್ತಾರೆ. ಯಾಕೆಂದು ಹೇಳಲು ಹೋದರೆ ಅಪ್ಪನ ವಿಷಯ ತೆಗೆಯಬೇಕಾಗುತ್ತದೆ, ಅದಕ್ಕೇ ಸುಮ್ಮನಿರುತ್ತೇನೆ.

ನಮ್ಮದು ಹಾನಗಲ್ ತಾಲೂಕು, ಅಕ್ಕಿಆಲೂರಿಗೆ ಹತ್ತಿರದ ಹಳ್ಳಿ. ಮನೆಯಲ್ಲಿ ಅಪ್ಪ, ಅವ್ವ, ಅಕ್ಕ, ನಾನು. ಅಕ್ಕನಿಗೆ ಮೂರನೇ ವರ್ಷದಲ್ಲಿ ಬಂದ ಜ್ವರ ಬಿಟ್ಟುಹೋಗುವಾಗ ಎಡಗಾಲಿನ ಬಲವನ್ನೂ ಒಯ್ದಿತ್ತು. ಮನೆಯೊಳಗೆ ಗೋಡೆ ಹಿಡಿದು, ಹೊರಗೆ ಕೋಲು ಊರಿ ನಡೆಯುತ್ತಿದ್ದಳು. ಆಕೆಗೆ ಅಕ್ಷರ ಕಲಿಸಿದವರು ಅಪ್ಪ. ಮೊರದಲ್ಲಿ ಅಕ್ಕಿ ಹರವಿ, ಬೆರಳು ಹಿಡಿದು ತಿದ್ದಿಸಿದ್ದರು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ದಿನ ಓಣಿಗೆಲ್ಲ ಸಕ್ಕರೆ ಹಂಚಿದರು. ಹೆಣ್ಣಿಗೆ ಇಷ್ಟೆಲ್ಲ ಯಾಕೆ ಎಂದವರಿಗೆ, "ನನ್ನ ಮಗಳ ಕಾಲು ಕುಂಟೈತಿ, ತಲಿ ಅಲ್ಲ" ಎನ್ನುತ್ತಿದ್ದರು. ನನ್ನನ್ನು ಧಾರವಾಡದ ಕಾಲೇಜಿಗೆ ಕಳಿಸಿದವರೂ ಅವರೇ. ಇದನ್ನು ಮೊದಲೇ ಬರೆದಿಡುತ್ತೇನೆ. ಮುಂದಿನದು ಇದರ ಜೊತೆ ಹೊಂದುವುದಿಲ್ಲ. ನನಗೂ ಇನ್ನೂ ಹೊಂದಿಲ್ಲ.

ಎರಡನೇ ಮಹಾಯುದ್ಧದ ವರ್ಷಗಳು ಅವು. ಹಳ್ಳದಾಚೆಯ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕನಿಗೆ ನೌಕರಿಯಾಯಿತು. ಕಲಿಸುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ನನ್ನೊಬ್ಬಳ ಅಕ್ಕ ಒಂದು ಊರಿಗೇ ಅಕ್ಕೋರಾದಳು. ದಾರಿ ದೂರವಿರಲಿಲ್ಲ, ಆದರೆ ಆ ಕಾಲಿಗೆ ನಡೆಯುವಷ್ಟು ಹತ್ತಿರವೂ ಇರಲಿಲ್ಲ. ಚಕ್ಕಡಿಯಲ್ಲಿ ಹೋಗಿಬರುತ್ತಿದ್ದಳು. ಚಕ್ಕಡಿಯ ಎತ್ತುಗಳೇ ಗದ್ದೆಯ ಎತ್ತುಗಳು. ಬಿತ್ತಿಗೆ, ಸುಗ್ಗಿಗೆ ಅವು ಗದ್ದೆಗೆ ಹೋದರೆ ಅಕ್ಕ ಮನೆಯಲ್ಲಿ, ಶಾಲೆಗೆ ಬೀಗ. ಅಂಥದೊಂದು ದಿನ ತಪಾಸಣೆಗೆ ಬಂದ ಅಧಿಕಾರಿ ಬೀಗ ನೋಡಿ ಹಿಂತಿರುಗಿದರು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೇಮಿಸಬೇಕಾಗುತ್ತದೆ ಎಂದು ಹೇಳಿಕಳಿಸಿದರು.

ಅವತ್ತು ಊಟಕ್ಕೆ ಕುಳಿತಾಗ ಅಕ್ಕ ಹೇಳಿದಳು, "ಅಪ್ಪಾ, ನನಗೊಂದು ಕುದುರಿ ಬೇಕು."

ಅವ್ವ ಹಂಚಿನ ಮೇಲಿನ ರೊಟ್ಟಿ ಮರೆತಳು. "ಹೆಣ್ಣಮಗಳು ಕುದುರಿ ಏರಿ ಹೊಂಟ್ರ ಮಂದಿ ಏನಂದಾರು?"

"ಅಕ್ಕೋರು ವ್ಯಾಳ್ಯಾಕ ಬಂದ್ರು ಅಂತಾರ."

ಅಪ್ಪ ನಕ್ಕರು. "ಆತು, ನೋಡೂಣು" ಎಂದರು. ಆ ‘ನೋಡೂಣು’ ಬೇಸಿಗೆಯುದ್ದಕ್ಕೂ ನಡೆಯಿತು.

ನಮ್ಮಲ್ಲಿ ಅಪ್ಪ ಹತ್ತುತ್ತಿದ್ದ ಕುದುರೆ ಇತ್ತು, ಎತ್ತರದ ಹೆಣ್ಣು. ಅಕ್ಕನಿಗೆ ಅದು ಆಗುವಂತಿರಲಿಲ್ಲ. ಯಾರ ಕೈಯನ್ನೂ ಬೇಡದೆ ಕಟ್ಟೆಯ ಮೇಲಿಂದ ತಾನೇ ಹತ್ತಿ ತಾನೇ ಇಳಿಯುವಂಥ ಗಿಡ್ಡ ತಟ್ಟು ಬೇಕಿತ್ತು. ಸಂಜೆ ಕಟ್ಟೆಯ ಮೇಲೆ ಅಪ್ಪನ ಓರಗೆಯವರು ಸೇರಿದರೆ ಇದೇ ಮಾತು. ನಮ್ಮ ಕುದುರೆಗೇ ಗಿಡ್ಡ ಗಂಡು ಕೂಡಿಸಿ ಮರಿ ಮಾಡಿಸಬೇಕೋ, ಸಂತೆಯಲ್ಲಿ ಮರಿ ಕೊಳ್ಳಬೇಕೋ, ಯಾರದಾದರೂ ಮರಿಯನ್ನು ಪಾಲಿಗೆ ತಂದು ಸಾಕಬೇಕೋ. ಅಪ್ಪನ ಮನಸ್ಸು ಮರಿ ಮಾಡಿಸುವ ಕಡೆಗಿತ್ತು. "ಮನ್ಯಾಗ ಹುಟ್ಟಿದ್ದರ ಗುಣ ಗೊತ್ತಿರತೈತಿ. ಕೊಂಡ ಕುದುರಿ ಜೋಡಿ ಹಳೇ ಮಾಲಕನ ಚಾಳೀನೂ ಬರತಾವ" ಎನ್ನುತ್ತಿದ್ದರು.

ಬಾಗಿಲ ಒಳಗಿನಿಂದ ಅಕ್ಕನ ದನಿ: "ಅದು ಹೊಟ್ಟ್ಯಾಗ ಒಂದು ವರ್ಷ, ಹುಲ್ಲಾಗ ಮೂರು ವರ್ಷ. ಅಷ್ಟರಾಗ ನನ್ನ ಸಾಲಿ ಹುಡುಗ್ಯಾರ ಮಕ್ಕಳು ಸಾಲಿಗೆ ಬರತಾವ, ಅಪ್ಪಾ."

ಕಟ್ಟೆಯವರೆಲ್ಲ ನಕ್ಕರು. ಅಪ್ಪನೂ ನಕ್ಕರು. ನಾಲ್ಕು ವರ್ಷ ಕಾಯುವ ಲೆಕ್ಕ ಅಪ್ಪನಿಗೆ ಗೊತ್ತಿರಲಿಲ್ಲವೇ ಎಂದು ಆಗ ಯಾರೂ ಕೇಳಲಿಲ್ಲ.

ಹಿರೇಕೆರೂರಿನ ಸಂತೆಗೂ ಹೋಗಿಬಂದರು. ಬರಿಗೈಯಲ್ಲಿ ಬಂದರು. ಒಂದು ಮರಿಯ ಎದೆಯ ಕೂದಲ ಸುಳಿ ಮನೆಗೆ ಆಗಿಬರುವಂಥದಲ್ಲ. ಇನ್ನೊಂದರ ಗೊರಸು ಬಿರುಕು. ಮೂರನೆಯದರ ಹಲ್ಲು ನೋಡಿದರೆ ಅಜ್ಜಿ, ಮಾರುವವನು ಮಾತ್ರ ಮರಿ ಎನ್ನುತ್ತಾನೆ. ಅಪ್ಪ ಇದನ್ನೆಲ್ಲ ಎಷ್ಟು ಚೆನ್ನಾಗಿ ನಟಿಸಿ ಹೇಳಿದರೆಂದರೆ, ಕುದುರೆ ಬರಲಿಲ್ಲ ಎಂಬುದೇ ನಮಗೆ ಮರೆತುಹೋಯಿತು. ಅಕ್ಕ ಮರೆಯಲಿಲ್ಲ. ಅಕ್ಕಿಆಲೂರಿನ ಸಂತೆಗೆ ಸವಣೂರಿನಿಂದ ವೀಳ್ಯದೆಲೆ ತರುವ ಹೆಂಗಸಿನ ಹತ್ತಿರ ಮಾತು ತೆಗೆದು, ತಾನೇ ಒಂದು ಸುದ್ದಿ ತಂದಳು. ಆ ಹೆಂಗಸಿನ ಓಣಿಯಲ್ಲಿ ವಯಸ್ಸಾದ ಸಾಹೇಬರೊಬ್ಬರಿದ್ದಾರೆ, ಮೊದಲಿನಿಂದ ಕುದುರೆ ಸಾಕಿದವರು. ಅವರಲ್ಲಿ ಗಿಡ್ಡ ಜಾತಿಯ ಹೆಣ್ಣು ಮರಿಯೊಂದಿದೆ. ಮೂರು ತುಂಬಿದೆ, ಆದರೆ ಎಲ್ಲರೂ ಇನ್ನೂ ಮರಿ ಎಂದೇ ಕರೆಯುತ್ತಾರೆ. ಮೊಮ್ಮಕ್ಕಳು ಹತ್ತಿ ಆಡಿದ ಮರಿ. ಅವರು ಈಗ ದೊಡ್ಡವರಾದರು. ಪಾಲಿಗೆ ಕೊಡುತ್ತಾರಂತೆ.

"ಹೊಲಾ ಪಾಲಿಗೆ, ಲಾವಣಿಗೆ ಹಾಕೂದು ಕೇಳೇನಿ, ಕುದುರಿ ಲಾವಣಿ ಇದ ಮೊದಲು" ಎಂದಳು ಅವ್ವ.

ಅಪ್ಪನಿಗೆ ಇನ್ನು ಹೋಗದೆ ದಾರಿಯಿರಲಿಲ್ಲ. ಕಾಲೇಜಿನ ರಜೆಗೆಂದು ಬಂದಿದ್ದ ನನ್ನನ್ನು ಅಕ್ಕ ಜೊತೆ ಮಾಡಿದಳು. ಬಸ್ಸಿನ ಮೆಟ್ಟಿಲು ಆಕೆಗೆ ಕಷ್ಟ. "ನನ್ನ ಕಣ್ಣಾಗಿ ನೋಡಿ ಬಾ. ಅಪ್ಪ ಸುಳಿ ನೋಡತಾನ, ನೀ ಕುದುರಿ ನೋಡು" ಎಂದಳು.

ಪೆಟ್ರೋಲಿಲ್ಲದ ಕಾಲ, ಇದ್ದಿಲ ಹೊಗೆಯಿಂದ ಓಡುತ್ತಿದ್ದ ಬಸ್ಸು. ಶಿಗ್ಗಾಂವಿಯಲ್ಲಿ ಇಳಿದು, ಇದ್ದಿಲ ಕರಿಯನ್ನು ಮುಖದಿಂದ ಒರೆಸಿಕೊಂಡು, ಇನ್ನೊಂದು ಬಸ್ಸು ಹಿಡಿದು ಸವಣೂರು ಮುಟ್ಟುವಾಗ ಮಧ್ಯಾಹ್ನ. ಸಾಹೇಬರ ಮನೆ ಕೆರೆಯ ಹತ್ತಿರ. ಅಂಗಳದಲ್ಲಿ ಕಟ್ಟಿದ್ದ ಮರಿಯನ್ನು ನೋಡಿದ ಕೂಡಲೇ ಅಕ್ಕನಿಗೆ ಇದೇ ಸರಿ ಎಂದು ನನಗೆ ಅನಿಸಿತು. ಬೂದು ಬಣ್ಣ, ಕಣ್ಣಿನ ಮೇಲೆ ಬೀಳುವ ಕೂದಲು, ಬೆನ್ನು ನನ್ನ ಸೊಂಟದಷ್ಟು ಎತ್ತರ. ನನ್ನ ಕೈಯ ವೀಳ್ಯದೆಲೆಯನ್ನು ತುಟಿಯಿಂದಲೇ ಎತ್ತಿಕೊಂಡಿತು. ಅಪ್ಪ ಸುಳಿ ನೋಡಿದರು. ಹಣೆ, ಕುತ್ತಿಗೆ, ಎದೆ, ಪಕ್ಕೆ, ಎಲ್ಲ ಸರಿಯಿತ್ತು. ಸರಿಯಿದೆ ಎಂದಾಗ ಅವರ ಮುಖ ಗೆಲುವಾಗಲಿಲ್ಲ.

ಊಟವಾದ ಮೇಲೆ ಗಂಡಸರು ಮರಿಯನ್ನು ಮೈತೊಳೆಯಲು ಕೆರೆಗೆ ಒಯ್ದರು. ಹೆಣ್ಣು ಎಂದು ನನ್ನನ್ನು ಒಳಗೆ ಕೂಡಿಸಿದರು. ಮನೆಯ ಹೆಂಗಸರು ಧಾರವಾಡದ ಸುದ್ದಿ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಆಗ ಕೆರೆಯ ಕಡೆಯಿಂದ ನಗು ಕೇಳಿಸಿತು. ನಾಲ್ಕಾರು ಮಂದಿಯ ನಗು, ಅದರೊಳಗೆ ಅಪ್ಪನದೂ. ಅಪ್ಪ ಅಷ್ಟು ಬಾಯ್ತುಂಬ ನಗುವುದು ಅಪರೂಪ. ಸ್ವಲ್ಪ ಹೊತ್ತಿಗೆ ಬಂದರು. ಮರಿ ತೊಯ್ದು ಹೊಳೆಯುತ್ತಿತ್ತು.

"ಏನಪ್ಪಾ, ಅಷ್ಟು ನಗಾಕತ್ತಿದ್ರಿ?"

"ಏನಿಲ್ಲ ತಂಗಿ. ಹುಡುಗ್ರ ಆಟ."

ಅಷ್ಟೇ ಹೇಳಿದರು. ಇಡೀ ಬೇಸಿಗೆ ಒಂದೊಂದು ಮರಿಗೂ ಕೊಂಕು ತೆಗೆದವರು ಅಲ್ಲೇ ನಿಂತು ಮಾತು ಮುಗಿಸಿದರು. ಮೇವು ನಮ್ಮದು, ಮುಂದೆ ಮರಿ ಹಾಕಿದರೆ ಮೊದಲನೆಯದು ಸಾಹೇಬರಿಗೆ, ಎರಡನೆಯದು ನಮಗೆ. ಇಬ್ಬರೂ ಕೈ ಹಿಡಿದರು. ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ ಎಲೆ ಅಗಿಯುತ್ತ ಕಿಟಕಿಯಾಚೆ ನೋಡುತ್ತ ಕುಳಿತಿದ್ದರು. ಒಂದೆರಡು ಸಲ ತಮ್ಮಷ್ಟಕ್ಕೆ ನಕ್ಕರು. ಮಗಳ ಹಟ ಈಡೇರಿದ ಸಂತೋಷ ಎಂದು ನಾನು ತಿಳಿದೆ.

ವಾರದೊಳಗೆ ಸಾಹೇಬರು ಮರಿಯನ್ನು ಕಳಿಸಿಕೊಟ್ಟರು. ಅವ್ವ ಆರತಿ ಎತ್ತಿದಳು, ತಾನೂ ಒಮ್ಮೆ ಸುಳಿ ನೋಡಿದಳು. ಅಕ್ಕ ಜಗುಲಿಯ ಅಂಚಿಗೆ ಸರಿದು, ಬಲಗಾಲು ಎತ್ತಿ ಹಾಕಿ, ಎಡಗಾಲನ್ನು ಕೈಯಿಂದ ಎತ್ತಿ ಜೀನಿನಿಂದ ಇಳಿಬಿದ್ದ ರಿಕಾಬಿನ ಬಳೆಯೊಳಗೆ ಇಟ್ಟುಕೊಂಡು, ಲಗಾಮು ಹಿಡಿದಳು. ಕೋಲು ಗೋಡೆಗೆ ಒರಗಿಯೇ ಉಳಿಯಿತು. ಅಂಗಳ ಒಂದು ಸುತ್ತು ಹಾಕಿ ನನ್ನ ಮುಂದೆ ನಿಂತು, "ಏ, ನಿನ್ನ ತಲಿ ಮ್ಯಾಲಿನ ಬೈತಲಿ ಸೊಟ್ಟ ಐತಿ, ಇಷ್ಟು ದಿನ ಕಂಡಿದ್ದಿಲ್ಲ" ಎಂದಳು. ನಾನು ಆಕೆಯನ್ನು ತಲೆಯೆತ್ತಿ ನೋಡಿದ್ದು ಅದೇ ಮೊದಲು.

ಹಳ್ಳ ಆಗ ಒಣಗಿತ್ತು, ಬರೀ ಮರಳು. ಶಾಲೆ ತೆರೆದ ಮೇಲೆ ಅಕ್ಕ ದಿನವೂ ಒಬ್ಬಳೇ ಹೋಗಿಬಂದಳು. "ರಾಣಿ ಸವಾರಿ ಬಂತು, ದಾರಿ ಬಿಡ್ರಪೋ" ಎಂದು ಬಾವಿಕಟ್ಟೆಯ ಹತ್ತಿರ ಯಾರೋ ಕೂಗಿದರೆ, "ರಾಣಿಗೆ ಮುಜರೆ ಮಾಡೋದು ಬಿಟ್ಟು ಒದರತೀಯಲ್ಲೋ, ನಿನ್ನ ಮಗಳನ್ನ ಸಾಲಿಗೆ ಕಳಸು" ಎನ್ನುತ್ತಿದ್ದಳು. ಆಚೆ ದಡದಲ್ಲಿ ಹುಡುಗಿಯರು ಕಾದು ನಿಂತಿರುತ್ತಿದ್ದರು, ಮರಿಯ ಲಗಾಮು ಹಿಡಿಯುವ ಸರದಿಗೆ ಜಗಳವಾಡುತ್ತ.

ನಾನು ಧಾರವಾಡಕ್ಕೆ ಹೊರಡಬೇಕಾದ ವಾರ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಮಳೆ ಬಿಟ್ಟಿತ್ತು. ಅಕ್ಕ ಮರಿಯ ಮೇಲೆ ಕುಳಿತಾಗ ಅಪ್ಪ ಹೊರಗೆ ಬಂದು ಆಕಾಶ ನೋಡಿದರು, ಮರಿಯನ್ನು ನೋಡಿದರು. ನನಗೆ ಹೇಳಿದರು, "ಇವತ್ತ ನೀನೂ ಜೋಡಿ ಹೋಗು. ಹಳ್ಳಕ್ಕ ತುಸು ನೀರು ಬಂದಿರಬೇಕು."

ಬಂದಿತ್ತು. ಕೆಂಪು ನೀರು, ನಮ್ಮ ಮೊಣಕಾಲಿನಷ್ಟು. ಇದಕ್ಕಿಂತ ಹೆಚ್ಚು ನೀರಿನಲ್ಲಿ ಹುಡುಗಿಯರು ದಾಟುತ್ತಾರೆ ಎಂದಳು ಅಕ್ಕ. ನಾನು ಸೀರೆ ಎತ್ತಿ ಕಟ್ಟುತ್ತ ದಡದಲ್ಲೇ ಇದ್ದೆ. ಮರಿ ಅಂಜದೆ ಇಳಿಯಿತು. ನಾಲ್ಕು ಹೆಜ್ಜೆ ಸರಾಗವಾಗಿ ಹೋಯಿತು. ನಡುವೆ ಹಳ್ಳದ ತಳ ತಗ್ಗು. ಅಲ್ಲಿ ನೀರು ಅದರ ಹೊಟ್ಟೆಯನ್ನು ಮುಟ್ಟಿತು.

ಮರಿ ನಿಂತಿತು. ಮುಂಗಾಲು ಮಡಚಿತು. ಹಿಂಗಾಲು ಮಡಚಿತು. ಗೋದಲಿಯ ಮುಂದೆ ಆಕಳು ಕೂರುವಂತೆ, ಅವಸರವಿಲ್ಲದೆ, ಹರಿಯುವ ನೀರಿನ ನಡುವೆ ಕುಳಿತುಬಿಟ್ಟಿತು.

ಆಚೆ ದಡದ ಹುಡುಗಿಯರು ಚಪ್ಪಾಳೆ ತಟ್ಟಿ ನಕ್ಕರು. ಅಕ್ಕನೂ ಒಂದು ಕ್ಷಣ ನಕ್ಕಳು, ನಾನು ನೋಡಿದ್ದೇನೆ. ಆಮೇಲೆ ಆಕೆಯ ಮುಖ ಬದಲಾಯಿತು. ಎಡಗಾಲು ರಿಕಾಬಿನೊಳಗೇ ಇತ್ತು, ಮರಿಯ ಪಕ್ಕೆಯ ಕೆಳಗೆ ಸಿಕ್ಕಿಕೊಂಡಿತ್ತು. ನೀರು ಸೊಂಟ ದಾಟಿತು. ಲಗಾಮು ಜಗ್ಗಿದಳು, ಹಿಮ್ಮಡಿಯಿಂದ ಒದ್ದಳು, ಹೆದರಿಸಿದಳು, ರಮಿಸಿದಳು. ಮರಿ ಕುತ್ತಿಗೆ ತಿರುಗಿಸಿ ಅತ್ತಿತ್ತ ನೋಡಿತು, ಯಾರನ್ನೋ ಕಾಯುವಂತೆ. ಅದರ ಕಣ್ಣಿನಲ್ಲಿ ಹಟವಿರಲಿಲ್ಲ, ಭಯವೂ ಇರಲಿಲ್ಲ.

ಮೇಲೆ ಎಲ್ಲೋ ರಾತ್ರಿಯೆಲ್ಲ ಮಳೆ ಸುರಿದಿರಬೇಕು. ನೀರು ನಮ್ಮ ಕಣ್ಣ ಮುಂದೆಯೇ ಏರತೊಡಗಿತು. ಕಸ, ತೊಪ್ಪಲು, ಒಂದು ಬುಟ್ಟಿ ತೇಲಿಬಂದವು. ನಾನು ಇಳಿದೆ. ಎರಡು ಸಲ ಕಾಲು ಜಾರಿತು. ಮುಟ್ಟುವಾಗ ನೀರು ಅಕ್ಕನ ಎದೆಗೆ ಬಂದಿತ್ತು, ಮರಿಯ ಮೂಗಷ್ಟೇ ಮೇಲಿತ್ತು. ಅಕ್ಕ ಅಳಲಿಲ್ಲ. "ಕಾಲು, ಕಾಲು ನೋಡು" ಎಂದಳು. ನಾನು ಮುಳುಗಿ ರಿಕಾಬಿನ ಪಟ್ಟಿ ಹುಡುಕಿದೆ. ಕೆಂಪು ನೀರಿನಲ್ಲಿ ಏನೂ ಕಾಣದು. ಬೆರಳಿಗೆ ಪಟ್ಟಿ ಸಿಕ್ಕಿತು, ಅದನ್ನು ಬಿಚ್ಚುವ ಕೊಂಡಿ ಸಿಗಲಿಲ್ಲ. ಉಸಿರು ಕಟ್ಟಿ ಮೇಲೆ ಬಂದೆ. ಮತ್ತೆ ಮುಳುಗಿದೆ. ಎಷ್ಟು ಸಲವೋ. ಅಕ್ಕನೇ ಎರಡೂ ಕೈಯಿಂದ ತನ್ನ ತೊಡೆ ಹಿಡಿದು ಕಿತ್ತುಕೊಂಡಳು. ಚರ್ಮ ಅಲ್ಲೇ ಉಳಿಯಿತು. ಪಾದ ಬಿಡಿಸಿಕೊಂಡ ಕೂಡಲೇ ನೀರು ಆಕೆಯನ್ನು ಎತ್ತಿತು. ನನ್ನ ಕೈಗೆ ಸಿಕ್ಕಿದ್ದು ಆಕೆಯ ಜಡೆ. ಅದನ್ನೇ ಹಿಡಿದು ಎಳೆದೆ. ಹುಡುಗಿಯರು ಚೀರಿದ್ದು ಕೇಳಿ ಓಡಿಬಂದ ಗಂಡಸರು ಮುಂದಿನದನ್ನು ಮಾಡಿದರು.

ಆ ಜಡೆ ಈಗಲೂ ನನ್ನ ಅಂಗೈಯಲ್ಲಿ ಜಾರುತ್ತದೆ. ಅನ್ನಕ್ಕೆ ಅಕ್ಕಿ ತೊಳೆಯುವಾಗ, ತೊಯ್ದ ಹಗ್ಗ ಹಿಡಿದಾಗ, ಸುಮ್ಮನೆ ಕುಳಿತಾಗಲೂ. ಒಂದೊಂದು ಸಲ ಅದು ಜಾರಿಯೇ ಹೋಗುತ್ತದೆ. ಆಗ ಎದ್ದು, ಅಕ್ಕ ಬದುಕಿದ್ದಾಳೆ ಎಂದು ನನಗೇ ನಾನು ಹೇಳಿಕೊಳ್ಳಬೇಕಾಗುತ್ತದೆ.

ಮರಿಗೆ ಏನೂ ಆಗಲಿಲ್ಲ. ಬೆನ್ನು ಹಗುರಾದದ್ದೇ ಎದ್ದು, ಮೈ ಕೊಡವಿ, ಮನೆಯ ದಾರಿ ಹಿಡಿದಿತ್ತು.

ಅಪ್ಪ ಅಕ್ಕನ ಮಂಚದ ಹತ್ತಿರ ಕುಳಿತು ಕಾಲಿಗೆ ಅರಿಸಿನ, ಬೆಣ್ಣೆ ಹಚ್ಚಿದರು. ಮಗುವಿನಂತೆ ಅತ್ತರು. "ಸಾಕವ್ವಾ ಈ ನೌಕರಿ. ನಾ ಇರೂತನಕ ನಿನಗೇನು ಕಡಿಮಿ?" ಎಂದು ಮತ್ತೆ ಮತ್ತೆ ಅಂದರು. ಅಕ್ಕ ಆಗ ಇಲ್ಲ ಎನ್ನಲಿಲ್ಲ. ಅಷ್ಟು ದಿನದಲ್ಲಿ ಸೋಲುವ ಹತ್ತಿರ ಬಂದದ್ದು ಅದೊಂದೇ ಸಲ.

ಸುದ್ದಿ ಎಲೆ ಮಾರುವ ಹೆಂಗಸಿನ ಬಾಯಿಂದ ಸವಣೂರು ಮುಟ್ಟಿತು. ಸಾಹೇಬರು ತಾವೇ ಬಂದರು. ಅಂಗಳದಲ್ಲಿ ನಿಂತೇ, ಗಾಬರಿಯಿಂದ ಕೇಳಿದರು. ಅಕ್ಕ ಬಾಗಿಲ ಒಳಗೆ ಮಂಚದ ಮೇಲಿದ್ದಳು, ನಾನು ಆಕೆಯ ಕಾಲ ಹತ್ತಿರ.

"ಗೌಡ್ರ, ಏನಿದು? ನೀರಾಗ ಕುಂದರತೈತಿ ಅಂತ ನಾ ಹೇಳಿದ್ನಲ್ಲರಿ. ಕೆರ್‍ಯಾಗ ನಿಮ್ಮ ಕಣ್ಣಮುಂದನ ಕುಂತಿತ್ತು, ನೀವೂ ನಕ್ಕಿದ್ರಿ. ಹೊಟ್ಟಿ ತೋಯ್ತಂದ್ರ ಕುಂದರೂದು, ಮೈ ತಿಕ್ಕಿಸಿಕೊಳ್ಳೂದು, ಹುಡುಗ್ರು ಹಂಗ ಕಲಿಸ್ಯಾರ. ಕಿವಿ ಹಿಂದ ತಟ್ಟಿ ‘ಬಸ್’ ಅಂದ್ರ ಸಾಕಿತ್ತು, ಎದ್ದು ನಿಂದರತಿತ್ತು. ಅಕ್ಕೋರಿಗೆ ಹೇಳಿಲ್ಲೇನ್ರಿ?"

ನನಗೆ ಸವಣೂರಿನ ಆ ನಗು ಕೇಳಿಸಿತು. ಬಸ್ಸಿನಲ್ಲಿ ತಮ್ಮಷ್ಟಕ್ಕೆ ನಕ್ಕದ್ದೂ ಕಂಡಿತು. ಆ ಬೆಳಿಗ್ಗೆ ಆಕಾಶ ನೋಡಿ, ಮರಿ ನೋಡಿ, ನೀನೂ ಜೋಡಿ ಹೋಗು ಎಂದದ್ದು. ನನ್ನನ್ನು ಕಾವಲಿಗೆ ಕಳಿಸಿದ್ದರು. ಕಾವಲಿಗೆ ಬೇಕಾದ ಒಂದು ಮಾತನ್ನು ಮಾತ್ರ ಕೊಟ್ಟು ಕಳಿಸಲಿಲ್ಲ.

ಸಾಹೇಬರು ಹೊರಗೆ ಮರಿಯ ಹತ್ತಿರ ಹೋದ ಮೇಲೆ ಅಕ್ಕ ಕರೆದಳು, "ಅಪ್ಪಾ, ಇಲ್ಲಿ ಬಾ."

ಬಂದು ಹೊಸ್ತಿಲ ಮೇಲೆ ನಿಂತರು.

"ನಿನಗ ಗೊತ್ತಿತ್ತು."

"ಇಷ್ಟು ನೀರು ಬರತೈತಂತ ಗೊತ್ತಿದ್ದಿಲ್ಲವ್ವಾ. ದೇವರಾಣಿ. ಸೊಂಟದ ತನಕ ತೊಯ್ತಾಳ, ನಾಕು ಮಂದಿ ನಗತಾರ, ತಾನ ನೌಕರಿ ಬ್ಯಾಡ ಅಂತಾಳ ಅಂದ್ಕೊಂಡೆ. ನಾ ಬ್ಯಾಡ ಅಂದ್ರ ನೀ ಕೇಳಾಕಿ ಅಲ್ಲ."

"ಒಂದ ಸಲ ಬ್ಯಾಡ ಅಂದಿದ್ದೇನು? ಬಾಯಿಬಿಟ್ಟು ಒಂದ ಸಲ?"

"ಓದಿಸಿದಾವ ನಾನ. ನಾನ ಬ್ಯಾಡ ಅಂದ್ರ ಮಂದಿ ಮುಂದ ಹೆಂಗ..." ಎಂದು ಅಪ್ಪ ನಿಲ್ಲಿಸಿದರು. ಆಮೇಲೆ ಸಣ್ಣ ದನಿಯಲ್ಲಿ, "ನೀ ಕುದುರಿ ಏರಿ ಹ್ವಾದ್ಯಂದ್ರ ಮನಿ ಬಣಬಣ ಅಂತಿತ್ತವ್ವಾ" ಎಂದರು.

ಅಕ್ಕ ಗೋಡೆಯ ಕಡೆ ತಿರುಗಿದಳು. ಅವ್ವ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಅವತ್ತು ಅಪ್ಪನಿಗೆ ತಾಟು ಇಟ್ಟಳು, ಬಡಿಸಲು ನಿಲ್ಲಲಿಲ್ಲ.

ಮರಿಯನ್ನು ಒಯ್ಯುತ್ತೇನೆಂದು ಸಾಹೇಬರು ಹೇಳಿದರು. ಅಕ್ಕ ಬಿಡಲಿಲ್ಲ. "ಮಾತು ಕೊಟ್ಟೀರಿ ಸಾಹೇಬ್ರ, ಅದು ನನ್ನ ಪಾಲಿಗೆ ಬಂದೈತಿ. ಕಿವಿ ಹಿಂದ ಎಲ್ಲಿ ತಟ್ಟಬೇಕು, ತೋರಸ್ರಿ" ಎಂದಳು. ಸಾಹೇಬರು ಆಕೆಯ ಕೈ ಮರಿಯ ಕಿವಿಯ ಹಿಂದೆ ಇಟ್ಟು ತೋರಿಸಿದರು. ನಾನು ಕಾಲೇಜಿಗೆ ಹೋಗದೆ ಉಳಿದೆ. ಗಾಯ ಮಾಯುವವರೆಗೆ ದಿನವೂ ನಾನು ಕೊಡ ಕೊಡ ನೀರು ಮರಿಯ ಹೊಟ್ಟೆಗೆ ಸುರಿಯುತ್ತಿದ್ದೆ, ಅದು ಅಂಗಳದಲ್ಲಿ ಕೂರುತ್ತಿತ್ತು, ಅಕ್ಕ ತಟ್ಟಿ ಎಬ್ಬಿಸುತ್ತಿದ್ದಳು. ಅಪ್ಪ ಜಗುಲಿಯಿಂದ ನೋಡುತ್ತಿದ್ದರು. ಯಾರೂ ನಗುತ್ತಿರಲಿಲ್ಲ.

ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಅಕ್ಕ ಹೊರಟಳು. ಇನ್ನು ಅಲ್ಲೇ ಇರಲೆಂದು ಶಾಲೆಯ ಪಕ್ಕದಲ್ಲೇ ಮುದುಕಿಯೊಬ್ಬಳ ಮನೆಯ ಪಡಸಾಲೆ ಗೊತ್ತುಮಾಡಿಯಾಗಿತ್ತು. ಬಟ್ಟೆಗಂಟು ನನ್ನ ತಲೆಯ ಮೇಲೆ. ಅಪ್ಪ ಕರೆಯದೆಯೇ ಹಿಂದೆ ಬಂದರು, ಹಳ್ಳದವರೆಗೆ. ಅಕ್ಕ ಮರಿಯನ್ನು ಇಳಿಸಿದಳು. ನಡುವಿನ ತಗ್ಗಿನಲ್ಲಿ ನೀರು ಹೊಟ್ಟೆ ಮುಟ್ಟಿತು. ಮರಿ ನಿಂತಿತು. ಮುಂಗಾಲು ಮಡಚಿತು, ಕುಳಿತಿತು. ನಾನು ಗಂಟನ್ನು ದಡದ ಮೇಲೆ ಇಳಿಸಿದೆ.

"ಬಸ್ ಅನ್ನವ್ವಾ! ಕಿವಿ ಹಿಂದ ತಟ್ಟು! ಬಸ್! ಬಸ್!"

ಅಪ್ಪ. ಪಂಚೆ ಸಮೇತ ನೀರಿಗಿಳಿದು ಎರಡೂ ಕೈ ಎತ್ತಿ ಒದರುತ್ತಿದ್ದರು. ಅಷ್ಟು ದಿನ ಅವರ ಬಾಯಲ್ಲೇ ಇದ್ದ ಮಾತು, ಆಚೆ ದಡದ ಹುಡುಗಿಯರಿಗೂ ಕೇಳುವಂತೆ.

ಅಕ್ಕ ತಿರುಗಿ ನೋಡಲಿಲ್ಲ. ಅಪ್ಪ ಒದರುವುದು ನಿಲ್ಲುವವರೆಗೆ ನೀರಿನಲ್ಲಿ ಹಾಗೇ ಕುಳಿತಿದ್ದಳು. ಆಮೇಲೆ ಬಾಗಿ, ಮರಿಯ ಕಿವಿಯ ಹಿಂದೆ ತಟ್ಟಿ, ನಮಗೆ ಕೇಳಿಸದಷ್ಟು ಮೆಲ್ಲಗೆ ಏನೋ ಅಂದಳು. ಮರಿ ಎದ್ದು ನಿಂತು, ಹೊಟ್ಟೆಯಿಂದ ನೀರು ಸುರಿಸುತ್ತ ಆಚೆ ದಡ ಹತ್ತಿತು.

ಗಂಟು ಹೊತ್ತು ನಾನು ಅಪ್ಪನ ಪಕ್ಕದಿಂದಲೇ ನೀರಿಗಿಳಿದೆ. "ಯಾವಾಗ ಬರತಾಳಂತ?" ಎಂದು ಕೇಳಿದರು. ನಾನು ನೀರು ನೋಡಿಕೊಂಡು ದಾಟಿದೆ.